ಡೈರಿಯಲ್ಲಿ ಬರೆದ ಗುರಿ ಮುಟ್ಟಲಿಲ್ಲ. ಹಾಗಾದ್ರೆ ನಾನು ಸೋತೆನಾ?

ಹಳೇ ಡೈರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ತಾಳ್ಮೆ ಇದ್ದವರು ಓದಿ.

ಹೋದ ಭಾನುವಾರ ಅಟ್ಟ ಗುಡಿಸುವಾಗ 2015ರ ಡೈರಿ ಸಿಕ್ಕಿತು. ಗೊಬ್ಬರದ ಅಂಗಡಿಯವರು ಅಪ್ಪನಿಗೆ ಕೊಟ್ಟಿದ್ದು, ರಟ್ಟಿನ ಮೇಲೆ ಯೂರಿಯಾ ಚೀಲದ ಚಿತ್ರ ಇದೆ. ಮೊದಲ ಪುಟದಲ್ಲಿ ಕೆಂಪು ಪೆನ್ನಿನಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದೇನೆ: '30 ತುಂಬುವುದರೊಳಗೆ ಕೆಎಎಸ್. ಎಸಿ ಆಗಲೇಬೇಕು.' ಕೆಎಎಸ್ ಅಂದರೆ ರಾಜ್ಯದ ಆಡಳಿತ ಸೇವೆ, ಎಸಿ ಅಂದರೆ ಅಸಿಸ್ಟೆಂಟ್ ಕಮಿಷನರ್. ಆಗ ನನಗೆ 22. ಡಿಗ್ರಿ ಮುಗಿಸಿ ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡಿದ್ದೆ. ನಾಲ್ಕು ಹುಡುಗಿಯರು, ಒಂದು ಫ್ಯಾನು. ಬೆಳಿಗ್ಗೆ ಆರಕ್ಕೆ ರೀಡಿಂಗ್ ರೂಮಿಗೆ ಹೋದರೆ ರಾತ್ರಿ ಹತ್ತಕ್ಕೆ ವಾಪಸ್.

2017ರಲ್ಲಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಪರೀಕ್ಷೆ ಬರೆದೆ. ಸುಮ್ನೆ ಒಂದು ಇರಲಿ ಅಂತ. ಅದು ಸಿಕ್ಕಿಬಿಟ್ಟಿತು. ಕೆಲಸಕ್ಕೆ ಸೇರಿದೆ, ಓದು ಬಿಡಲಿಲ್ಲ. 2020ರಲ್ಲಿ ಕೆಎಎಸ್‌ನ 106 ಹುದ್ದೆಗೆ ಕರೆದಾಗ ಪ್ರಿಲಿಮ್ಸ್ ಆಯ್ತು, ಮೇನ್ಸ್‌ನಲ್ಲಿ ಕೈ ತಪ್ಪಿತು. ಆಮೇಲೆ 2024ರಲ್ಲಿ 384 ಹುದ್ದೆ. ಆಗಸ್ಟ್ 27ಕ್ಕೆ ಬರೆದೆ. ಆ ಪ್ರಶ್ನೆಪತ್ರಿಕೆಯ ಕನ್ನಡ ಅನುವಾದದಲ್ಲಿ ತಪ್ಪುಗಳಿದ್ದ ಕಥೆ ನಿಮಗೆಲ್ಲ ಗೊತ್ತೇ ಇದೆ. ಡಿಸೆಂಬರ್ 29ಕ್ಕೆ ಮರುಪರೀಕ್ಷೆ ಇಟ್ಟರು. ಹಾಲ್ ಟಿಕೆಟ್ ಪ್ರಿಂಟ್ ತೆಗೆದು ಬ್ಯಾಗಿಗೆ ಹಾಕಿಕೊಂಡೆ. ಬೆಳಿಗ್ಗೆ ಎದ್ದು ಚಹಾ ಕುಡಿದೆ. ಹೋಗಲಿಲ್ಲ.

ಈಗ ನನಗೆ 32. ಹಾವೇರಿ ಕಡೆ ಒಂದು ಪಂಚಾಯಿತಿಯಲ್ಲಿದ್ದೇನೆ. ಧಾರವಾಡದ ಗೆಳತಿ ಒಬ್ಬಳು ಯಾವಾಗಲೂ ಹೇಳುತ್ತಿದ್ದಳು, ಊರವರ ಮಾತು ತಲೆಗೆ ಹಚ್ಚಿಕೊಳ್ಳಬೇಡ, ನಿನ್ನ ಗುರಿಯೇ ನಿನಗೆ ಅಳತೆ ಅಂತ. ನಾನೂ ಅದನ್ನೇ ನಂಬಿದ್ದೆ. ತಮಾಷೆ ನೋಡಿ, ಊರವರ ಅಳತೆಯಲ್ಲಿ ನಾನು ಗೆದ್ದವಳು. ಸರ್ಕಾರಿ ಕೆಲಸ, ಸಂಬಳ, ಜೀಪಿನಲ್ಲಿ ಬಂದು ಇಳಿಯುವ ಮೇಲಧಿಕಾರಿಗಳು ಹೆಸರು ಹಿಡಿದು ಕರೆಯುತ್ತಾರೆ. ನನ್ನದೇ ಅಳತೆ ಹಿಡಿದರೆ ಮಾತ್ರ ಸೊನ್ನೆ.

ನಿಜವಾದ ಗೆಲುವನ್ನು ಅಳೆಯಲು ನಾವೇ ಇಟ್ಟುಕೊಂಡ ಗುರಿಗಿಂತ ಒಳ್ಳೆಯ ಅಳತೆ ಬೇರೆ ಇದೆಯಾ? ಸಮಾಧಾನ ಹೇಳಬೇಡಿ. ಸಮಾಧಾನ ಮನೆಯಲ್ಲಿ ಬೇಕಾದಷ್ಟು ಸಿಗುತ್ತದೆ.

ಖಡಕ್ ರೊಟ್ಟಿ

ಮೇಡಂ, ಸಮಾಧಾನ ಬೇಡ ಅಂದ್ರಿ, ಹಾಗಾಗಿ ನೇರವಾಗಿ ಹೇಳ್ತೀನಿ. ಬೇರೆ ಅಳತೆ ಇಲ್ಲ. ಗುರಿ ಇಟ್ಟವರು ನೀವು, ತಾರೀಖು ಹಾಕಿದವರೂ ನೀವು. ಮುಟ್ಟಲಿಲ್ಲ. ಅಷ್ಟೇ.

ಈಗ ಇಲ್ಲಿ ಹತ್ತು ಜನ ಬಂದು 'ಪಯಣವೇ ಮುಖ್ಯ' ಅಂತ ಶುರು ಮಾಡ್ತಾರೆ ನೋಡಿ. ಕೈಗೆಟುಕದ ದ್ರಾಕ್ಷಿ ಹುಳಿ ಅಂದ ಹಾಗೆ. ಮೊಳಕೋಲು ಹಿಡಿದು ಅಳೆಯೋಕೆ ಹೋಗಿ, ಬಟ್ಟೆ ಕಮ್ಮಿ ಬಂತು ಅಂತ ಮೊಳಕೋಲನ್ನೇ ಕತ್ತರಿಸೋದು ನನಗೆ ಒಪ್ಪಿಗೆ ಇಲ್ಲ.

ನಾನು ಬೆಂಗಳೂರಿನ ವಿಜಯನಗರದಲ್ಲಿ ಇದ್ದೀನಿ. ಇದೇ ಪರೀಕ್ಷೆಗೆ ಓದ್ತಾ ಐದನೇ ವರ್ಷ. ಆಗಸ್ಟ್‌ದೂ ಬರೆದೆ, ಡಿಸೆಂಬರ್‌ದೂ ಬರೆದೆ. ಪಟ್ಟಿಯಲ್ಲಿ ನಂಬರ್ ಬಂದರೆ ಗೆದ್ದೆ, ಇಲ್ಲಾಂದ್ರೆ ಇಲ್ಲ. ನೀವು ಹಾಲ್ ಟಿಕೆಟ್ ಇಟ್ಟುಕೊಂಡು ಹೋಗದೇ ಇದ್ದಿರಲ್ಲ, ಅದಕ್ಕೆ ಸೋತೆ ಅನ್ನೋದಕ್ಕಿಂತ ಬಿಟ್ಟೆ ಅನ್ನೋದು ಸರಿ. ಬೇಜಾರು ಮಾಡ್ಕೋಬೇಡಿ.

ಹಳೇ ಡೈರಿ

ಬೇಜಾರಿಲ್ಲ. ಮೂರು ವಾರದಿಂದ ನಾನು ನನಗೇ ಇದನ್ನೇ ಹೇಳಿಕೊಳ್ಳುತ್ತಿದ್ದೇನೆ.

ಮೇಷ್ಟ್ರು 82

ಖಡಕ್ ರೊಟ್ಟಿಯವರೇ, 'ಪಟ್ಟಿಯಲ್ಲಿ ನಂಬರ್ ಬಂದರೆ ಗೆದ್ದೆ' ಅಂದಿರಿ. ಒಂದು ವಿಷಯ ನೆನಪಿಸುತ್ತೇನೆ. ಇದೇ ಪರೀಕ್ಷೆಯ 2011ರ ಬ್ಯಾಚಿನ 362 ಹುದ್ದೆಗಳ ಕಥೆ. ಆಯ್ಕೆಪಟ್ಟಿ ಬಂತು, ಮನೆ ಮನೆಯಲ್ಲಿ ಸಿಹಿ ಹಂಚಿದ್ದೂ ಆಯ್ತು. ಅಕ್ರಮದ ಆರೋಪ ಎದ್ದು 2014ರಲ್ಲಿ ಸರ್ಕಾರವೇ ಆ ಪಟ್ಟಿಯನ್ನು ವಾಪಸ್ ಪಡೆಯಿತು. ಆಮೇಲೆ ಕೋರ್ಟು, ಮೇಲ್ಮನವಿ, ಮತ್ತೆ ಕೋರ್ಟು. ಕೊನೆಗೆ 2022ರಲ್ಲಿ ವಿಧಾನಮಂಡಲದಲ್ಲಿ ಕಾಯ್ದೆಯನ್ನೇ ತಂದು ಆ ನೇಮಕಾತಿಯನ್ನು ಊರ್ಜಿತ ಮಾಡಬೇಕಾಯಿತು.

ನನ್ನ ಹಳೆಯ ವಿದ್ಯಾರ್ಥಿ ಒಬ್ಬ ಆ ಪಟ್ಟಿಯಲ್ಲಿದ್ದ. ಯಾವ ಅಕ್ರಮಕ್ಕೂ ಹೋಗದ ಹುಡುಗ ಅಂತ ನಾನು ಕಣ್ಣು ಮುಚ್ಚಿ ಹೇಳಬಲ್ಲೆ. ಅವನ ಗುರಿ ಯಾವ ದಿನ ಮುಟ್ಟಿತು ಹೇಳಿ? ಪಟ್ಟಿ ಬಂದ ದಿನವಾ, ಕಾಯ್ದೆ ಬಂದ ದಿನವಾ? ನಡುವಿನ ಎಂಟು ವರ್ಷ ಅವನು ಗೆದ್ದವನೋ ಸೋತವನೋ? ಮನುಷ್ಯ ಅವನೇ, ಓದಿದ್ದೂ ಅಷ್ಟೇ. ನಡುವೆ ಬದಲಾಗುತ್ತಾ ಇದ್ದದ್ದು ಬರೀ ಕಾಗದ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗೆ. ನಮ್ಮ ಗುರಿಯ ಬೀಗದ ಕೈ ಇನ್ನೊಬ್ಬರ ಸೊಂಟದಲ್ಲಿ ಇರುವಾಗ ಅದೊಂದರಿಂದಲೇ ನಮ್ಮನ್ನು ಅಳೆದುಕೊಳ್ಳುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. 36 ವರ್ಷ ಪಾಠ ಮಾಡಿದ್ದೇನೆ. ಆಸೆ ಕಮ್ಮಿ ಇಟ್ಟುಕೊಂಡವರೇ ಸುಖವಾಗಿದ್ದಾರೆ.

ಖಡಕ್ ರೊಟ್ಟಿ

ಮೇಷ್ಟ್ರೇ, ಮೊದಲ ಮಾತು ಒಪ್ಪಿದೆ. ಕೊನೆಯದನ್ನು ಒಪ್ಪಲ್ಲ. ಪಿಂಚಣಿ ಬರುವವರು ಆಸೆ ಕಮ್ಮಿ ಇಟ್ಕೊಳ್ಳಿ ಅಂದ್ರೆ ಏನು ಹೇಳಲಿ.

ಮೇಷ್ಟ್ರು 82

ಹೊಡೆತ ಸರಿಯಾಗಿಯೇ ಬಿತ್ತು.

ಗಾಡಿ ಅಕ್ಕ

ನನಗೂ ಮೇಷ್ಟ್ರ ಕೊನೆಯ ಮಾತಿನ ಮೇಲೆ ಸ್ವಲ್ಪ ಸಿಟ್ಟು ಬಂತು. ಕ್ಷಮಿಸಿ ಸರ್.

ಆಸೆ ಕಮ್ಮಿ ಇಟ್ಟುಕೋ ಅಂತ ನಮಗೆ ಹುಟ್ಟಿದಾಗಿನಿಂದ ಹೇಳಿದ್ದಾರೆ. ನನಗೆ 21ಕ್ಕೆ ಮದುವೆ. ಗಂಡನಿಗೆ ಒಂದು ಗುರಿ, ಮನೆ ಕಟ್ಟಿಸಬೇಕು. ಮಗನಿಗೆ ಒಂದು ಗುರಿ, ಎಂಜಿನಿಯರಿಂಗ್. ಅತ್ತೆಗೆ ಒಂದು ಗುರಿ, ಕಾಶಿ. ಮೂರಕ್ಕೂ ಬೆಳಿಗ್ಗೆ ಐದಕ್ಕೆ ಎದ್ದವಳು ನಾನು. ನಿನಗೇನು ಬೇಕು ಅಂತ ಯಾರೂ ಕೇಳಲಿಲ್ಲ. ನಿಜ ಹೇಳಬೇಕಂದ್ರೆ ನಾನೂ ಕೇಳಿಕೊಳ್ಳಲಿಲ್ಲ. ಎಲ್ಲರೂ 'ನಿನ್ನ ಜೀವನ ಸಾರ್ಥಕ' ಅಂತಿದ್ದರು. ಆ ಮಾತು ಕೇಳಿದಾಗಲೆಲ್ಲ ಹೊಟ್ಟೆಯೊಳಗೆ ಏನೋ ಆಗುತ್ತಿತ್ತು.

49ನೇ ವಯಸ್ಸಿಗೆ ಸ್ಕೂಟರ್ ಕಲಿತೆ. ಮನೆಯಲ್ಲಿ ಹೇಳಲಿಲ್ಲ. ಪಕ್ಕದ ಬೀದಿಯ ಹುಡುಗಿ ಕಲಿಸಿದಳು, ಖಾಲಿ ಸೈಟಿನಲ್ಲಿ. ಎರಡು ಸಲ ಬಿದ್ದೆ. ಮೊಣಕೈ ತರಚಿತ್ತು, ಅಡುಗೆಮನೆಯಲ್ಲಿ ಕಾಲು ಜಾರಿತು ಅಂತ ಸುಳ್ಳು ಹೇಳಿದೆ. ಮೂರನೇ ವಾರ ಮಾರ್ಕೆಟ್ಟಿಗೆ ಒಬ್ಬಳೇ ಹೋಗಿ ಕಾಲು ಕೆಜಿ ಹಸಿಮೆಣಸಿನಕಾಯಿ ತಂದೆ. ಮನೆಯಲ್ಲಿ ಮೆಣಸಿನಕಾಯಿ ಇತ್ತು! ಸುಮ್ನೆ ಹೋಗಿದ್ದು.

ನನ್ನ ಲೆಕ್ಕದಲ್ಲಿ ನಾನು ಗೆದ್ದಿದ್ದು ಅದೊಂದೇ. ಆ ಗುರಿ ಇಟ್ಟಿದ್ದೂ ನಾನೇ, ಮುಟ್ಟಿದ್ದೂ ನಾನೇ, ಅಳೆದಿದ್ದೂ ನಾನೇ. ಹಾಗಾಗಿ ವೈಯಕ್ತಿಕ ಗುರಿ ಅನ್ನೋದು ಸ್ವಾರ್ಥ, ಅದು ಅಳತೆಯೇ ಅಲ್ಲ ಅಂತ ಯಾರಾದರೂ ಅಂದ್ರೆ ನಾನು ಒಪ್ಪಲ್ಲ.

ಹಳೇ ಡೈರಿ

ಅಕ್ಕಾ, ಹಸಿಮೆಣಸಿನಕಾಯಿ ಓದಿ ಕಚೇರಿಯಲ್ಲೇ ನಗು ಬಂತು. ಬಿಲ್ ಕಲೆಕ್ಟರ್ ತಿರುಗಿ ನೋಡಿದರು.

ಕೋಟ್ಲಾ ಎಂಡ್

ಕ್ರಿಕೆಟ್ ಉದಾಹರಣೆ ತಂದರೆ ಬೈಯಬೇಡಿ. ನನಗೆ ಗೊತ್ತಿರೋದು ಅದೊಂದೇ.

1999ರ ಫೆಬ್ರವರಿ 7. ದೆಹಲಿಯ ಕೋಟ್ಲಾ. ಪಾಕಿಸ್ತಾನಕ್ಕೆ 420 ಬೇಕು. ನಮ್ಮ ಅನಿಲ್ ಕುಂಬ್ಳೆ ಒಂಬತ್ತು ವಿಕೆಟ್ ತೆಗೆದಾಗಿದೆ, ಉಳಿದಿರೋದು ಒಂದು. ಇನ್ನೊಂದು ಕಡೆಯಿಂದ ಬೌಲಿಂಗ್ ಮಾಡುತ್ತಿರೋದು ಜಾವಗಲ್ ಶ್ರೀನಾಥ್. ಬೌಲರ್ ಆದವನ ಗುರಿ ಏನು? ವಿಕೆಟ್. ಅವತ್ತು ಶ್ರೀನಾಥ್ ಏನು ಮಾಡಿದರು? ಬ್ಯಾಟಿಗೆ ಸಿಗದ ಹಾಗೆ ಆಫ್ ಸ್ಟಂಪಿನಿಂದ ಆಚೆ ಆಚೆ ಎಸೆದರು. ವಿಕೆಟ್ ಬೀಳಬಾರದು ಅಂತ! ಮುಂದಿನ ಓವರಿನಲ್ಲಿ ವಾಸಿಂ ಅಕ್ರಮ್ ಬ್ಯಾಟಿಗೆ ತಾಗಿದ ಚೆಂಡು ಲಕ್ಷ್ಮಣ್ ಕೈಗೆ. 74 ರನ್ನಿಗೆ ಹತ್ತಕ್ಕೆ ಹತ್ತು. 1956ರಲ್ಲಿ ಜಿಮ್ ಲೇಕರ್ ಮಾಡಿದ ಮೇಲೆ ಟೆಸ್ಟಿನಲ್ಲಿ ಅದೇ ಮೊದಲು.

ಆ ಓವರನ್ನು ಶ್ರೀನಾಥ್ ಅಂಕಿಅಂಶದಲ್ಲಿ ಎಲ್ಲಿ ಬರೆಯೋದು? ಅವರ ಸ್ವಂತ ಗುರಿಯ ಪ್ರಕಾರ ಅದು ದಂಡದ ಓವರ್. ಆದರೆ 25 ವರ್ಷ ಆದಮೇಲೂ ಮೈಸೂರು ಕಡೆ ಯಾರಾದರೂ ಕುಂಬ್ಳೆಯ ಹತ್ತು ವಿಕೆಟ್ ಬಗ್ಗೆ ಮಾತಾಡಿದರೆ ಎರಡನೇ ವಾಕ್ಯದಲ್ಲಿ ಶ್ರೀನಾಥ್ ಬಂದೇ ಬರ್ತಾರೆ.

ಇನ್ನೊಂದು. 2004, ಮುಲ್ತಾನ್. ಸಚಿನ್ 194. ಇನ್ನೂರಕ್ಕೆ ಆರು ರನ್ ಬಾಕಿ. ಗಂಗೂಲಿ ಇಲ್ಲದ್ದರಿಂದ ನಾಯಕ ದ್ರಾವಿಡ್. ಡಿಕ್ಲೇರ್ ಮಾಡಿಬಿಟ್ಟರು. ದೇಶವೆಲ್ಲ ಬೈಯಿತು, ನಾನೂ ಬೈದೆ, ಕಾಲೇಜ್ ಕ್ಯಾಂಟೀನಿನಲ್ಲಿ ಟೇಬಲ್ ಗುದ್ದಿದ್ದೆ. ಕೊನೆಗೆ ಇನಿಂಗ್ಸ್ ಮತ್ತು 52 ರನ್ನಿನಿಂದ ಗೆದ್ದೆವು. ಪಾಕಿಸ್ತಾನದ ನೆಲದಲ್ಲಿ ಅದೇ ನಮ್ಮ ಮೊದಲ ಟೆಸ್ಟ್ ಗೆಲುವು.

ಖಡಕ್ ರೊಟ್ಟಿ

ಗುರು, ಮುಲ್ತಾನಿನಲ್ಲಿ ಇನ್ನೂ ಒಂದು ದಿನದಷ್ಟು ಸಮಯ ಉಳಿದಿತ್ತು. ಆರು ರನ್ ಕೊಟ್ಟಿದ್ದರೂ ಗೆಲ್ತಿದ್ದೆವು. ನಿಮ್ಮ ಉದಾಹರಣೆ ನನ್ನ ಪರವಾಗಿದೆ.

ಕೋಟ್ಲಾ ಎಂಡ್

ಅದು ಆಮೇಲೆ ಗೊತ್ತಾಗಿದ್ದು. ಡಿಕ್ಲೇರ್ ಮಾಡುವಾಗ ದ್ರಾವಿಡ್‌ಗೆ ಗೊತ್ತಿತ್ತಾ? ಈ ಜಗಳ 20 ವರ್ಷದಿಂದ ನಡೀತಿದೆ, ಇಲ್ಲಿ ಮುಗಿಯಲ್ಲ ಬಿಡಿ.

ಹತ್ತು ಸಾವಿರ ಹೆಜ್ಜೆ

ನಾನು ವೈಟ್‌ಫೀಲ್ಡಿನಲ್ಲಿ ಐಟಿ ಕೆಲಸ ಮಾಡೋನು. ನಮಗೆ ಗುರಿ ಅಂದ್ರೆ ವರ್ಷಕ್ಕೆ ಎರಡು ಸಲ ಫಾರ್ಮ್ ತುಂಬೋದು. ಮೊದಲ ತಿಂಗಳು ಗುರಿ ಬರೆಯೋದು, ಹನ್ನೊಂದನೇ ತಿಂಗಳು ಮಾಡಿದ ಕೆಲಸಕ್ಕೆ ಹೊಂದುವ ಹಾಗೆ ಗುರಿಯನ್ನು ತಿದ್ದೋದು. ಅದು ಬಿಡಿ.

ನನ್ನ ಹೆಸರಿನ ಕಥೆ ಹೇಳ್ತೀನಿ. ಎರಡು ವರ್ಷದ ಹಿಂದೆ ಡಾಕ್ಟರು ಸಕ್ಕರೆ ಅಂಚಿನಲ್ಲಿದೆ ಅಂದರು. ಕೈಗೆ ವಾಚು ಕಟ್ಟಿದೆ. ದಿನಕ್ಕೆ 10,000 ಹೆಜ್ಜೆ ಗುರಿ. ಒಂದು ದಿನ ತಪ್ಪಿಸಲಿಲ್ಲ. ರಾತ್ರಿ ಹನ್ನೊಂದೂ ಮುಕ್ಕಾಲಿಗೆ 9,200 ತೋರಿಸಿದರೆ ಹಾಲಿನಲ್ಲಿ ಸೋಫಾ ಸುತ್ತ ಸುತ್ತುತ್ತಿದ್ದೆ. ಹೆಂಡತಿ ಬಾಗಿಲಲ್ಲಿ ನಿಂತು, 'ಅರಳಿಮರ ಅಂದ್ಕೊಂಡ್ರಾ, ಪ್ರದಕ್ಷಿಣೆ ಹಾಕ್ತಿದ್ದೀರಲ್ಲ' ಅಂದಳು. ಒಂದು ಸಲ ಮಗಳಿಗೆ ಜ್ವರ, ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಓಡಾಡುವಾಗ 'ಪರವಾಗಿಲ್ಲ, ಹೆಜ್ಜೆ ಆಗ್ತಿದೆ' ಅಂತ ತಲೆಗೆ ಬಂತು. ಅವತ್ತು ನನ್ನ ಮೇಲೆ ನನಗೇ ಅಸಹ್ಯ ಆಯ್ತು.

ಆಮೇಲೆ ಒಂದಿನ ಈ 10,000 ಎಲ್ಲಿಂದ ಬಂತು ಅಂತ ಹುಡುಕಿದೆ. 1964ರ ಟೋಕಿಯೋ ಒಲಿಂಪಿಕ್ಸ್ ಆದಮೇಲೆ ಜಪಾನಿನಲ್ಲಿ ಹೆಜ್ಜೆ ಎಣಿಸುವ ಒಂದು ಯಂತ್ರ ಮಾರಾಟಕ್ಕೆ ಬಂತು. ಹೆಸರು 'ಮನ್ಪೋ-ಕೇ'. ಅರ್ಥ, ಹತ್ತು ಸಾವಿರ ಹೆಜ್ಜೆಯ ಮಾಪಕ. ಸಂಖ್ಯೆ ದುಂಡಗಿತ್ತು, ಹೆಸರು ಚೆನ್ನಾಗಿತ್ತು, ಇಟ್ಟರು. ನಡೆದರೆ ಆರೋಗ್ಯಕ್ಕೆ ಒಳ್ಳೇದೇ, ಅದರಲ್ಲಿ ಅನುಮಾನ ಇಲ್ಲ. ಆದರೆ ನಾನು ರಾತ್ರಿ ಸೋಫಾ ಸುತ್ತಿದ್ದು 60 ವರ್ಷದ ಹಿಂದೆ ಯಾರೋ ವಸ್ತು ಮಾರೋಕೆ ಇಟ್ಟ ಹೆಸರಿಗೆ!

ಹಾಗಾಗಿ ನನ್ನ ಪ್ರಶ್ನೆ ಇಷ್ಟೇ. ಡೈರಿಯವರೇ, ಆ ಕೆಂಪು ಪೆನ್ನಿನ ಗುರಿ ನಿಮ್ಮದೇನಾ? ಇಲ್ಲಾ ಸಪ್ತಾಪುರದ ಗೋಡೆಗಳ ಮೇಲಿನ ಕೋಚಿಂಗ್ ಪೋಸ್ಟರ್‌ದಾ?

ಅಡಿಕೆ ಕೊನೆ

ಹೆಜ್ಜೆಯವರ ಪ್ರಶ್ನೆ ಒಳ್ಳೆಯದು. ನನ್ನದೂ ಒಂದು ಇದೆ.

ನಾನು ಶಿರಸಿ ಕಡೆಯವನು. ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ವಾಪಸ್ ಬಂದೆ. ಬಂದಾಗ ಹಟ ಇತ್ತು, ಅಪ್ಪ ತೆಗೆದದ್ದಕ್ಕಿಂತ ದುಪ್ಪಟ್ಟು ಬೆಳೆ ತೆಗೆಯಬೇಕು ಅಂತ. ಮೊದಲೆರಡು ವರ್ಷ ಏನೋ ಆಯ್ತು. ಮೂರನೇ ವರ್ಷ ಮಳೆ ಬಿಡಲೇ ಇಲ್ಲ. ಕೊಳೆ ರೋಗ ಬಂತು. ಬೆಳಿಗ್ಗೆ ತೋಟಕ್ಕೆ ಇಳಿದರೆ ಕಾಲಿಟ್ಟಲ್ಲೆಲ್ಲ ಉದುರಿದ ಹಸಿ ಅಡಿಕೆ. ಆ ವಾಸನೆ ಗೊತ್ತಿದ್ದವರಿಗೆ ಗೊತ್ತು.

ಈಗ ಗುರಿ ಬದಲಾಯಿಸಿದ್ದೇನೆ. ಇಷ್ಟು ಕ್ವಿಂಟಾಲ್ ಅಂತ ಇಟ್ಟುಕೊಳ್ಳುವುದಿಲ್ಲ. ಮಳೆ ಹಿಡಿಯುವ ಮೊದಲು ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ, ತಪ್ಪದೆ ಔಷಧಿ ಹೊಡೆಸಬೇಕು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಅಳತೆ ತಪ್ಪಬಾರದು. ಅದಾದ ಮೇಲೆ ಬಂದಷ್ಟು ಬಂತು. ಫಸಲು ಮಳೆಯ ಕೈಯಲ್ಲಿ, ಔಷಧಿ ನನ್ನ ಕೈಯಲ್ಲಿ ಅಂತ ಸಮಾಧಾನ.

ಸಮಾಧಾನ ಅಂದೆ, ಆದರೆ ಅದೂ ಪೂರ್ತಿ ನನ್ನ ಕೈಯಲ್ಲಿಲ್ಲ. ಮರ ಹತ್ತುವ ಕೊನೆಗೌಡ ಬರಬೇಕಲ್ಲ! ಹೋದ ವರ್ಷ ಅವನು ನಾಳೆ ಬರ್ತೆ, ನಾಳೆ ಬರ್ತೆ ಅಂತ ಹನ್ನೆರಡು ದಿನ ಮಾಡಿದ.

ಖಡಕ್ ರೊಟ್ಟಿ

ನೋಡಿ, ಇದನ್ನೇ ನಾನು ಹೇಳಿದ್ದು. ಬೆಳೆ ಬರಲಿಲ್ಲ, ಗುರಿಯನ್ನು ಇಳಿಸಿಕೊಂಡ್ರಿ.

ಅಡಿಕೆ ಕೊನೆ

ತಮ್ಮಾ, ಇಳಿಸಿಕೊಂಡೆ ಅಂತ ಅನಿಸಿದರೆ ಜೂನ್ ತಿಂಗಳಲ್ಲಿ ಬಂದು ಒಂದು ದಿನ ಡ್ರಮ್ ಹೊತ್ತು ನೋಡು. ಊಟ ಹಾಕ್ತೆ.

ಹಳೇ ಡೈರಿ

ಹೆಜ್ಜೆಯವರ ಪ್ರಶ್ನೆಗೆ ಉತ್ತರ ಕೊಡಬೇಕು ಅಂತ ನಿನ್ನೆ ರಾತ್ರಿ ಡೈರಿ ಪೂರ್ತಿ ಓದಿದೆ. ಮೊದಲ ಪುಟ ಮಾತ್ರ ನೆನಪಿತ್ತು. ಒಳಗೆ ಏನಿದೆ ಅಂತ ಮರೆತೇ ಹೋಗಿತ್ತು.

ಹೆಚ್ಚಿನ ಪುಟಗಳಲ್ಲಿ ಮೆಸ್ ಲೆಕ್ಕ, ಸಂವಿಧಾನದ ವಿಧಿಗಳು. ಮಾರ್ಚ್ ತಿಂಗಳಲ್ಲಿ ಒಂದು ಪುಟಕ್ಕೆ ನಾಲ್ಕು ಬಸ್ ಟಿಕೆಟ್ ಅಂಟಿಸಿದ್ದೇನೆ. ಅಪ್ಪನ ಜೇಬಿನಿಂದ ತೆಗೆದದ್ದು. ಅಜ್ಜ ತೀರಿಕೊಂಡ ಮೇಲೆ ಪೌತಿ ಖಾತೆ, ಅಂದರೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು ಅಪ್ಪ ಒಂದು ಕಚೇರಿಗೆ ಅಲೆಯುತ್ತಿದ್ದರು. ಕಚೇರಿಯ ಹೆಸರು ಬೇಡ, ಈಗ ನಾನೂ ಅದೇ ಸರ್ಕಾರದ ಸಂಬಳ ತಿನ್ನುವವಳು. ಪುಟದ ಕೆಳಗೆ ಬರೆದಿದ್ದೇನೆ: 'ಅಪ್ಪ ಇವತ್ತು ಹನ್ನೊಂದನೇ ಸಲ ಹೋಗಿ ಬಂದರು. ನಾಳೆ ಬಾ ಅಂದರಂತೆ. ನಾನು ಎಸಿ ಆದರೆ ಒಬ್ಬರಿಗೂ ನಾಳೆ ಬಾ ಅನ್ನಲು ಬಿಡುವುದಿಲ್ಲ.'

ಅಪ್ಪ ಬರುವಾಗ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು, ಅಮ್ಮನಿಗೆ 'ಸಾಹೇಬರು ಇರಲಿಲ್ಲ' ಅಂತ ಮಾತ್ರ ಹೇಳುತ್ತಿದ್ದರು. ಸಾಹೇಬರು ಇದ್ದರು. ಅದು ನನಗೆ ಆಮೇಲೆ ಗೊತ್ತಾಯ್ತು.

ಆದ್ದರಿಂದ, ಹೆಜ್ಜೆಯವರೇ, ಅರ್ಧ ನನ್ನದು, ಅರ್ಧ ಪೋಸ್ಟರಿನದು ಅನಿಸುತ್ತದೆ. ಸಿಟ್ಟು ನನ್ನದು. 'ಎಸಿ' ಅನ್ನೋ ಎರಡಕ್ಷರ, '30ರೊಳಗೆ' ಅನ್ನೋ ಗಡುವು, ಎರಡೂ ಸಪ್ತಾಪುರದ್ದು.

ಕೋಟ್ಲಾ ಎಂಡ್

ನಾವು ಚಿಕ್ಕವರಿದ್ದಾಗ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 'ನಾಳೆ ಬಾ' ಅಂತ ಬರೀತಿದ್ರು, ನೆನಪಿದೆಯಾ? ರಾತ್ರಿ ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ವಾಪಸ್ ಹೋಗಲಿ ಅಂತ. ದೆವ್ವಕ್ಕೆ ಬರೆದದ್ದನ್ನು ಕಚೇರಿಯವರು ಜನಕ್ಕೆ ಇಟ್ಟುಕೊಂಡರು.

ಮೇಷ್ಟ್ರು 82

ಹಳೇ ಡೈರಿಯವರೇ, ಆ ಮಾರ್ಚಿನ ಪುಟವನ್ನು ಮೊದಲ ಪುಟಕ್ಕೆ ಹಾಕಿಕೊಂಡಿದ್ದರೆ ಇಷ್ಟು ವರ್ಷದ ಲೆಕ್ಕವೇ ಬೇರೆ ಆಗುತ್ತಿತ್ತು. ಪಿಡಿಒ ಮೇಜಿನ ಮುಂದೆಯೇ ಆ ಮಾತು ನಡೆಸಬಹುದಲ್ಲ. ಎಸಿ ಆಗಲೇಬೇಕೆಂದಿಲ್ಲ. ಆ ಲೆಕ್ಕದಲ್ಲಿ ನೀವು ಏಳು ವರ್ಷದಿಂದ ಗೆಲ್ಲುತ್ತಲೇ ಇದ್ದೀರಿ.

ಗಾಡಿ ಅಕ್ಕ

ಮೇಷ್ಟ್ರೇ, ಅಷ್ಟು ಬೇಗ ಮಾರ್ಕ್ಸ್ ಕೊಡಬೇಡಿ. ಹಳೇ ಡೈರಿ, ಒಂದು ಮಾತು ಕೇಳಲಾ, ಬೇಸರ ಮಾಡಿಕೊಳ್ಳಬೇಡ. ನಿನ್ನ ಕಚೇರಿಗೆ ಜನ ಒಂದು ಕೆಲಸಕ್ಕೆ ಎಷ್ಟು ಸಲ ಬರ್ತಾರೆ?

ಖಡಕ್ ರೊಟ್ಟಿ

ಅಕ್ಕಾ ನೀವು ಇಂಟರ್‌ವ್ಯೂ ಬೋರ್ಡಿನಲ್ಲಿ ಕೂರಬೇಕಿತ್ತು.

ಹತ್ತು ಸಾವಿರ ಹೆಜ್ಜೆ

ಎರಡು ದಿನ ಆಯ್ತು, ಡೈರಿಯವರು ಬಂದೇ ಇಲ್ಲ. ಅಕ್ಕ ಹೆದರಿಸಿಬಿಟ್ಟರು ಅನ್ಸುತ್ತೆ.

ಅಡಿಕೆ ಕೊನೆ

ಬರ್ತಾರೆ. ಜನವರಿ, ಫೆಬ್ರವರಿ ಪಂಚಾಯಿತಿಯವರಿಗೆ ಕಂದಾಯ ವಸೂಲಿ ಕಾಲ. ತಲೆ ಎತ್ತಲು ಪುರುಸೊತ್ತು ಇರುವುದಿಲ್ಲ.

ಹಳೇ ಡೈರಿ

ಹೆದರಿ ಅಲ್ಲ, ಹುಡುಕುತ್ತಾ ಇದ್ದೆ. ಅಕ್ಕ ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರವೇ ಇರಲಿಲ್ಲ. ನಮ್ಮ ರಿಜಿಸ್ಟರಿನಲ್ಲಿ ಅರ್ಜಿ ಬಂದ ದಿನ ಇರುತ್ತದೆ, ವಿಲೇವಾರಿ ಆದ ದಿನ ಇರುತ್ತದೆ. ನಡುವೆ ಆ ಮನುಷ್ಯ ಎಷ್ಟು ಸಲ ಬಂದು ಬೆಂಚಿನ ಮೇಲೆ ಕೂತು ಎದ್ದು ಹೋದ ಅನ್ನೋದಕ್ಕೆ ಕಾಲಂ ಇಲ್ಲ.

ಒಬ್ಬ ಅಜ್ಜಿ ನೆನಪಾದರು. ಮನೆಯ ಇ-ಸ್ವತ್ತಿಗೆ (ಪಂಚಾಯಿತಿಯ ಕಂಪ್ಯೂಟರ್ ಆಸ್ತಿ ದಾಖಲೆ) ಅರ್ಜಿ ಕೊಟ್ಟಿದ್ದರು, ಮೊಮ್ಮಗನಿಗೆ ಬ್ಯಾಂಕ್ ಸಾಲಕ್ಕೆ ನಮೂನೆ 9 ಬೇಕಿತ್ತು. ಅರ್ಜಿ ಆಗಸ್ಟಿನದು, ನಮೂನೆ ಕೈಗೆ ಸಿಕ್ಕಿದ್ದು ಡಿಸೆಂಬರಿನಲ್ಲಿ. ನಿನ್ನೆ ಸಂಜೆ ಅವರ ಮನೆಗೇ ಹೋದೆ. ಎಷ್ಟು ಸಲ ಬಂದಿದ್ರಿ ಅಜ್ಜಿ ಅಂದೆ. ಅವರು ಬೆರಳು ಮಡಚಿ ಎಣಿಸಿದರು. ಒಂದು ಸಲ ಹಳೆಯ ಮನೆ ಕಂದಾಯ ಬಾಕಿ ಇದೆ ಅಂತ ವಾಪಸ್ ಕಳಿಸಿದ್ದೆವು. ಎರಡು ಸಲ ಮೋಜಿಣಿ ನಕ್ಷೆ (ಸರ್ವೆಯವರ ಅಳತೆಯ ನಕ್ಷೆ) ಬಂದಿಲ್ಲ ಅಂತ. ಅದು ತಾಲ್ಲೂಕಿನಿಂದ ಬರಬೇಕು, ನನ್ನ ಕೈಯಲ್ಲಿಲ್ಲ. ಒಂದು ಸಲ ಸರ್ವರ್ ಇಲ್ಲ. ಐದನೇ ಬೆರಳು ಮಡಚುವಾಗ, 'ಅವತ್ತು ನೀ ಇರಲಿಲ್ಲವಾ, ಪರೀಕ್ಷೆಗೆ ಹೋಗೀರಿ ಅಂದ್ರು' ಅಂದರು.

ಆಗಸ್ಟ್ 27, ಮಂಗಳವಾರ. ಡಿಜಿಟಲ್ ಸಹಿ ನನ್ನದೇ ಆಗಬೇಕು, ಬೇರೆ ಯಾರೂ ಮಾಡುವ ಹಾಗಿಲ್ಲ. 'ಒಬ್ಬರಿಗೂ ನಾಳೆ ಬಾ ಅನ್ನಲು ಬಿಡುವುದಿಲ್ಲ' ಅಂತ ಬರೆದವಳು, ಎಸಿ ಆಗುವ ಪರೀಕ್ಷೆ ಬರೆಯಲು ಹೋಗಿದ್ದೆ. ಅಜ್ಜಿ ಬೆಂಚಿನ ಮೇಲೆ ಕೂತಿದ್ದರು.

ಮೇಷ್ಟ್ರೇ, ನೀವು ಕೊಟ್ಟ ಮಾರ್ಕ್ಸ್ ವಾಪಸ್ ತಗೊಳ್ಳಿ. ಆ ಪುಟದ ಲೆಕ್ಕದಲ್ಲೂ ನಾನು ಪಾಸಾಗಿಲ್ಲ. ಮೊದಲ ಪುಟದ ಸೋಲು ಹೇಗೋ ತಡೆದುಕೊಳ್ಳಬಹುದಿತ್ತು, ಅದಕ್ಕೆ ಆಯೋಗ ಇದೆ, ಅನುವಾದ ಇದೆ, ಬೈಯೋಕೆ ಜನ ಇದ್ದಾರೆ. ಇದಕ್ಕೆ ಯಾರೂ ಇಲ್ಲ. ಮೋಜಿಣಿ ನಕ್ಷೆ, ಸರ್ವರ್ ಬಿಟ್ಟರೆ ಉಳಿದ ಎರಡು ಬೆರಳು ನನ್ನವೇ. ಕಂದಾಯ ಬಾಕಿಯನ್ನೂ ಅರ್ಜಿ ಕೊಟ್ಟ ದಿನವೇ ನೋಡಿ ಹೇಳಬಹುದಿತ್ತು.

ಖಡಕ್ ರೊಟ್ಟಿ

ಮೇಡಂ, ಮೊದಲ ಸಲ ನಿಮ್ಮ ಪರ ಮಾತಾಡ್ತಿದ್ದೀನಿ. ಪರೀಕ್ಷೆಗೆ ರಜೆ ಹಾಕಿದ್ದು ತಪ್ಪಲ್ಲ. ವಾರದ ಮಧ್ಯೆ ಪರೀಕ್ಷೆ ಇಟ್ಟವರದ್ದು ತಪ್ಪು.

ಹಳೇ ಡೈರಿ

ತಪ್ಪು ಅಂತ ನಾನೂ ಅಂದುಕೊಂಡಿಲ್ಲ. ಲೆಕ್ಕಕ್ಕೆ ಬರುತ್ತದೆ ಅಂದೆ ಅಷ್ಟೆ.

ಗಾಡಿ ಅಕ್ಕ

ಅಜ್ಜಿ ಏನಂದರು? ಬೈದರಾ?

ಹಳೇ ಡೈರಿ

ಇಲ್ಲ ಅಕ್ಕಾ. ಚಹಾ ಮಾಡಿಕೊಟ್ಟರು. ಬೆಲ್ಲ ಜಾಸ್ತಿ ಆಗಿತ್ತು. 'ಪರೀಕ್ಷಾ ಏನಾತು?' ಅಂತ ಕೇಳಿದರು. ಮತ್ತೆ ಇಟ್ಟಾಗ ಹೋಗಲಿಲ್ಲ ಅಜ್ಜಿ ಅಂದೆ. 'ಹೋಗಬೇಕಿತ್ತವ್ವಾ' ಅಂದರು.

ಹತ್ತು ಸಾವಿರ ಹೆಜ್ಜೆ

ಹಾಗಾದ್ರೆ ಇನ್ನೊಂದು ಸಲ ಬರೀತೀರಾ? ವಯಸ್ಸು ಇದೆಯಲ್ಲ.

ಹಳೇ ಡೈರಿ

ಗೊತ್ತಿಲ್ಲ. ಬರೆದರೂ ಬರೆದೇನು. '30ರೊಳಗೆ' ಅನ್ನೋ ಗೆರೆ ಹೇಗೂ ದಾಟಿ ಹೋಗಿದೆ, ಈಗ ಅವಸರ ಇಲ್ಲ.

ಸದ್ಯಕ್ಕೆ ಒಂದು ಮಾಡಿದ್ದೇನೆ. ಅರ್ಜಿ ರಿಜಿಸ್ಟರಿನಲ್ಲಿ ಸ್ಕೇಲ್ ಇಟ್ಟು ಒಂದು ಕಾಲಂ ಎಳೆದೆ, 'ಎಷ್ಟನೇ ಸಲ' ಅಂತ. ಬಿಲ್ ಕಲೆಕ್ಟರ್ ನಕ್ಕು, ಇದನ್ನು ಯಾರು ಕೇಳ್ತಾರೆ ಮೇಡಂ, ಆಡಿಟ್‌ನವರೂ ಕೇಳಲ್ಲ ಅಂದರು. ಇವತ್ತು ಮೊದಲ ದಿನ. ಒಂಬತ್ತು ಜನ ಬಂದಿದ್ದರು. ಮೂವರು ಮೊದಲನೇ ಸಲ. ಉಳಿದ ಆರು ಜನರಲ್ಲಿ ಒಬ್ಬರು ಏಳನೇ ಸಲ. ಅವರ ಬೀದಿಯ ನಲ್ಲಿಯದ್ದು. ಸಂಜೆ ಹೋಗಿ ನೋಡಿ ಬಂದೆ, ವಾಲ್ವ್ ಹೋಗಿದೆ. ಗುರುವಾರ ಹಾಕಿಸುತ್ತೇನೆ ಅಂತ ಹೇಳಿದ್ದೇನೆ. ನಾಳೆ ಅಂತ ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಅಡಿಕೆ ಕೊನೆ

ಆ ಕಾಲಂ ನಮ್ಮ ಕೊನೆಗೌಡನಿಗೂ ಒಂದು ಎಳೆದು ಕೊಡಿ.

ಖಡಕ್ ರೊಟ್ಟಿ

ಮೇಡಂ, ಒಂದು ಸಹಾಯ. ಪ್ರಿಲಿಮ್ಸ್ ಆದರೆ ಮೇನ್ಸ್‌ಗೆ ಸಮಯ ಜಾಸ್ತಿ ಸಿಗಲ್ಲ. ನೀವು 2020ರ ಮೇನ್ಸ್‌ಗೆ ಮಾಡಿದ ನೋಟ್ಸ್ ಇನ್ನೂ ಇದ್ರೆ ಕೊಡ್ತೀರಾ? ಊರಿಗೆ ಹೋಗುವಾಗ ಹಾವೇರಿ ಮೇಲೆಯೇ ಹೋಗೋದು.

ಹಳೇ ಡೈರಿ

ಇವೆ. ಅದೇ ಅಟ್ಟದ ಮೇಲೆ, ಎರಡು ರಟ್ಟಿನ ಡಬ್ಬ. ಯಾವ ದಿನ ಬರ್ತೀರಿ ಅಂತ ಮೊದಲೇ ಹೇಳಿ, ಇಳಿಸಿ ಇಟ್ಟಿರುತ್ತೇನೆ. ನಿಮ್ಮ ಹೆಸರಿನ ಮುಂದೆ 'ಒಂದನೇ ಸಲ' ಅಂತಲೇ ಬರೆಯಬೇಕು.